ಮುಸುಕಿನ ಜೋಳದ ಅಡುಗೆ

ಕಳೆದ ಮಾರ್ಗಶಿರದಲ್ಲಿ ನಮ್ಮಣ್ಣನ ತಿಥಿಗೆಂದು ಬಾಣಾವರದ ತವರುಮನೆಗೆ ಹೋಗಿದ್ದೆ. ಅಣ್ಣ 1997ರಲ್ಲಿ ಟೆಕ್ಸಸ್ಸಿಗೆ ಹೋದವನು. ಸ್ಯಾನ್ ಆಂಟೋನಿಯೋ ನಗರದಲ್ಲಿ ಇಪ್ಪತ್ತೈದು ವರ್ಷ ದುಡಿದು 2022ರಲ್ಲಿ ಅಲ್ಲಿಯೇ ತೀರಿಕೊಂಡ. ಊರಿನಲ್ಲಿ ಅಮ್ಮನೊಡನಿರುವ ನನ್ನ ತಮ್ಮ ವರ್ಷವರ್ಷವೂ ತಿಥಿಯನ್ನು ನಡೆಸಿಕೊಂಡು ಬರುತ್ತಿದ್ದಾನೆ. ಈ ಸಲ ಅಣ್ಣನ ಮಗಳೂ ಕಾಲೇಜಿನ ರಜೆಯಲ್ಲಿ ಬಂದಿದ್ದಳು. ಅತ್ತಿಗೆಗೆ ಆಸ್ಪತ್ರೆಯ ಕೆಲಸದಿಂದ ಬಿಡುವು ದೊರೆತಿರಲಿಲ್ಲ.

ತಿಥಿಯ ಅಡುಗೆಯ ಕಟ್ಟುಪಾಡುಗಳನ್ನು ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ಮನೆಯಲ್ಲಿ ಆ ದಿನ ಮೆಣಸಿನಕಾಯಿ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಖಾರವೆಲ್ಲ ಕಾಳುಮೆಣಸಿನದು. ಟೊಮೆಟೊ, ಆಲೂಗೆಡ್ಡೆ, ಹುರುಳಿಕಾಯಿ, ಎಲೆಕೋಸು, ದೊಣ್ಣೆಮೆಣಸಿನಕಾಯಿ, ಸೀಮೆಬದನೆ ಎಲ್ಲಕ್ಕೂ ಬಹಿಷ್ಕಾರ. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿಗಳಿಗೆ ಅಂದು ಅಗ್ರಪಂಕ್ತಿ. ಹುಡುಗಿ ಕಂಬಕ್ಕೊರಗಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಹೆಸರುಬೇಳೆ ಪಾಯಸ ಇಳಿಸುತ್ತಿದ್ದ ಅಮ್ಮ, "ನಿಮ್ಮಪ್ಪನಿಗೆ ಇಷ್ಟವಾದದ್ದನ್ನೇ ಮಾಡಬೇಕು ಮಗೂ ಈ ದಿನ" ಎಂದಳು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ತನ್ನ ಎಡವುವ ಕನ್ನಡದಲ್ಲಿ, "ಅಪ್ಪನಿಗೆ ತುಂಬಾ ಇಷ್ಟ ಕ್ಯಾಸರೋಲ್ ಅಜ್ಜಿ. ಅದು ಯಾಕೆ ಮಾಡಲಿಲ್ಲ?" ಎಂದು ಕೇಳಿದಳು.

ಅಮ್ಮ ಒಳಗೆ ಹೋಗಿ, ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಿಯನ್ನು ತಂದು ಮೊಮ್ಮಗಳ ಮುಂದಿಟ್ಟಳು. ನಮ್ಮ ಕಡೆ ಕ್ಯಾಸರೋಲ್ ಎಂದರೆ ಅದೇ ತಾನೆ! ಮಗನಿಗೆ ಆ ಡಬ್ಬಿಯ ಮೇಲೇಕೆ ಅಷ್ಟು ವ್ಯಾಮೋಹವೆಂದು ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನನಗೂ ತಮ್ಮನಿಗೂ ನಗು ಬಂದಿತಾದರೂ ದಿನ ನಗುವಂಥದಾಗಿರಲಿಲ್ಲ. ಫ್ರೆಂಚ್ ಭಾಷೆಯಲ್ಲಿ ಆ ಶಬ್ದಕ್ಕೆ ಬಾಣಲೆ, ತಪ್ಪಲೆ ಎಂದು ಅರ್ಥ. ಪಾತ್ರೆಯ ಹೆಸರು ಅದರಲ್ಲಿ ಬೆಂದ ಅಡುಗೆಗೆ ಅಂಟಿಕೊಂಡಿತು. ನಮ್ಮ ತಟ್ಟೆ ಇಡ್ಲಿ, ಕೊಟ್ಟೆ ಕಡುಬುಗಳ ಜಾತಿಯೇ ಅದು. ಮುಸುಕಿನ ಜೋಳದ ತೆಳು ರೊಟ್ಟಿ, ಕೆಂಪು ಗೊಜ್ಜು, ಬೇಯಿಸಿದ ಕಾಳು, ತರಕಾರಿ, ಚೀಸ್ ಇವನ್ನು ಪದರಪದರವಾಗಿ ಹಾಸಿ, ಮೇಲೆ ಕೆಳಗೆ ಶಾಖ ಕೊಟ್ಟು ಬೇಯಿಸಿ, ಹೋಳುಮಾಡಿ ಬಡಿಸುವುದು ಟೆಕ್ಸಸ್ಸಿನ ಮನೆಗಳಲ್ಲಿ ರೂಢಿ. ಮಾಂಸ ತಿನ್ನುವವರು ನಡುವೆ ಕೋಳಿಮಾಂಸ ಹಾಕುತ್ತಾರೆ, ಅಣ್ಣ ಹಾಕುತ್ತಿರಲಿಲ್ಲ.

ಈ ಬಗೆಯ ಅಡುಗೆಗೆಲ್ಲ 'ಟೆಕ್ಸ್-ಮೆಕ್ಸ್' ಎಂದು ಹೆಸರು. ಬಾಣಾವರದಂಥ ರೈಲುನಿಲ್ದಾಣದ ಊರಿನವರಿಗೆ ಹೇಳಬೇಕಾದ ಸಂಗತಿಯೊಂದಿದೆ: ಅದು ಮೂಲತಃ ರೈಲಿನ ಹೆಸರು. 1875ರಲ್ಲಿ ಸನ್ನದು ಪಡೆದ ಟೆಕ್ಸಸ್ ಮೆಕ್ಸಿಕನ್ ರೈಲ್ವೆಯನ್ನು ಜನ ಹಾಗೆ ಮೊಟಕುಮಾಡಿ ಕರೆದರು. ಗಡಿನಾಡಿನ ಊಟಕ್ಕೆ ಆ ಹೆಸರು ರೂಢಿಯಾದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಟೆಕ್ಸಸ್ ತಾನೇ 1836ರವರೆಗೆ ಮೆಕ್ಸಿಕೋದ ಭಾಗವಾಗಿದ್ದ ನಾಡು. ಗಡಿ ಸರಿದರೂ ಒಲೆಗಳು ಇದ್ದಲ್ಲಿಯೇ ಇದ್ದವು.

ಹುಡುಗಿ ಸಾಮಾನಿನ ಪಟ್ಟಿ ಹೇಳುತ್ತ ಹೋದಳು: ಜೋಳ, ಮೆಣಸಿನಕಾಯಿ, ಟೊಮೆಟೊ, ಬೀನ್ಸ್, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಚೀಸ್, ಜೀರಿಗೆ. ಕೇಳುತ್ತ ಕುಳಿತ ನನಗೆ ಒಂದು ವಿಷಯ ಹೊಳೆದು ಕ್ಷಣಕಾಲ ಮಾತು ನಿಂತಿತು. ಜೀರಿಗೆಯೊಂದನ್ನು ಬಿಟ್ಟರೆ ಆ ಪಟ್ಟಿಗೂ ಅಂದು ನಮ್ಮ ಅಡುಗೆಮನೆಯಿಂದ ಹೊರಗಿಟ್ಟ ಪಟ್ಟಿಗೂ ಹೆಚ್ಚು ಭೇದವಿರಲಿಲ್ಲ! ಅಣ್ಣನಿಗೆ ಪ್ರಿಯವಾಗಿದ್ದ ಅಡುಗೆಯಲ್ಲಿ ಅಣ್ಣನ ತಿಥಿಗೆ ಸಲ್ಲುವ ಪದರ ಒಂದೂ ಇರಲಿಲ್ಲ.

ಇದರಲ್ಲಿ ಆಕಸ್ಮಿಕವೇನೂ ಇಲ್ಲ. ಈರುಳ್ಳಿಯ ನಿಷೇಧಕ್ಕೆ ಕಾರಣ ಬೇರೆ, ಎಲೆಕೋಸು ಯೂರೋಪಿನಿಂದ ಬಂದದ್ದು. ಉಳಿದವು ಬಹುಮಟ್ಟಿಗೆ ಅಮೆರಿಕಾ ಖಂಡದವು. 1492ರ ಬಳಿಕ ಸ್ಪೇನ್ ಪೋರ್ಚುಗಲ್ಲುಗಳ ಹಡಗಿನಲ್ಲಿ ಲೋಕಸಂಚಾರಕ್ಕೆ ಹೊರಟವು. ತಿಥಿಯ ಅಡುಗೆಮನೆ ಅದಕ್ಕೂ ಹಿಂದಿನ ಅಡುಗೆಮನೆ. ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಹೊಸದಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಮೀಸಲು. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದ. ಭಕ್ಷ್ಯಗಳೇನು, ಪಾನಕಗಳೇನು, ಬದನೆಕಾಯಿಗೆ ಅವನು ಸಲ್ಲಿಸಿರುವ ಗೌರವವೇನು! ಆ ರಸಿಕನ ಪಾಕಶಾಲೆಯಲ್ಲಿ ಮೆಣಸಿನಕಾಯಿಯ ಘಾಟಿಲ್ಲ, ಟೊಮೆಟೊ ಇಲ್ಲ, ಆಲೂಗೆಡ್ಡೆಯಿಲ್ಲ. ತರಗತಿಯಲ್ಲಿ ಈ ಕೃತಿಯ ಪ್ರಸ್ತಾಪ ಬಂದಾಗ, ಸಾರಿಗೆ ಮೆಣಸಿನಕಾಯಿ ಇಲ್ಲದ ಕಾಲ ಒಂದಿತ್ತೆಂದರೆ ವಿದ್ಯಾರ್ಥಿಗಳು ನಂಬುವುದಿಲ್ಲ. ನಮ್ಮ ಮನೆಯ ತಿಥಿಗೆ ಬನ್ನಿರೆಂದು ಕರೆಯುವಂತಿಲ್ಲವಲ್ಲ.

ಭಾಷೆಯಂತೂ ಈ ಹೊಸಬರನ್ನೆಲ್ಲ ಹಳೆಯ ಹೆಸರುಗಳ ಹಿಂದೆ ಅಡಗಿಸಿಬಿಟ್ಟಿದೆ. ಮೊದಲು ಮೆಣಸು ಎಂದರೆ ಒಂದೇ. ಪರದೇಶದ ಕಾಯಿ ಅದರಂತೆಯೇ ಖಾರವಾಗಿದ್ದುದರಿಂದ 'ಮೆಣಸಿನ ಕಾಯಿ' ಎನಿಸಿತು; ಕ್ರಮೇಣ ಬಂದವಳೇ ಮನೆಯೊಡತಿಯಾಗಿ, ಹಳೆಯ ಮೆಣಸು ತಾನು 'ಕಾಳುಮೆಣಸು', 'ಕರಿಮೆಣಸು' ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಮೆಣಸನ್ನು ಹುಡುಕುತ್ತ ಹೊರಟ ಸ್ಪೇನಿನವರೂ ಈ ಕಾಯಿಗೆ ತಮ್ಮ ಭಾಷೆಯ ಮೆಣಸಿನ ಹೆಸರನ್ನೇ ತಿದ್ದಿ ಇಟ್ಟರೆಂಬುದು ಸ್ವಾರಸ್ಯದ ಮಾತು. ಬೀನ್ಸಿಗೆ ನಮ್ಮ ಮೈಸೂರು ಸೀಮೆಯಲ್ಲಿ ಹುರುಳಿಕಾಯಿ ಎನ್ನುತ್ತೇವೆ. ಹುರುಳಿಗೂ ಅದಕ್ಕೂ ಹೆಸರಿನ ನಂಟಷ್ಟೆ. ಸೀಮೆಬದನೆಯೊಂದು ಮಾತ್ರ 'ಸೀಮೆ' ಎಂಬ ವಿಶೇಷಣವನ್ನು ಉಳಿಸಿಕೊಂಡು ತಾನು ಹೊರಗಿನದೆಂದು ಒಪ್ಪಿಕೊಳ್ಳುತ್ತದೆ. ಅದರ ತವರೂ ಮೆಕ್ಸಿಕೋ.

ತಿಥಿ ಶುಕ್ರವಾರ. ಭಾನುವಾರ ರಾತ್ರಿಗೆ ಈ ಅಡುಗೆಯಾಗಬೇಕೆಂದು ಅಮ್ಮನೇ ನಿಶ್ಚಯಿಸಿದಳು. "ನನ್ನ ಮಗ ತಿಂದದ್ದನ್ನು ನಾನೂ ತಿನ್ನಬೇಕು" ಎಂದಳು. ಅದನ್ನು ಕೇಳಿ ನನಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ರೊಟ್ಟಿಯಿಂದ ಮೊದಲಾಗಬೇಕು. ಅಲ್ಲಿ ಅದನ್ನು ಅಂಗಡಿಯಿಂದ ಕಟ್ಟುಕಟ್ಟಾಗಿ ತರುತ್ತಾರಂತೆ. ಇಲ್ಲಿ ಗಿರಣಿಯಲ್ಲಿ ಜೋಳ ಬೀಸಿಸಿ ತಟ್ಟಿದರಾಗದೆ ಎಂದುಕೊಂಡಿದ್ದೆ. ಹುಡುಗಿ ಒಪ್ಪಲಿಲ್ಲ, ಜೋಳವನ್ನು ಸುಣ್ಣದಲ್ಲಿ ಬೇಯಿಸಬೇಕೆಂದಳು. ಸುಣ್ಣವೆಂದೊಡನೆ ಅಮ್ಮ ಎಲೆಯಡಿಕೆಯ ತಟ್ಟೆಯತ್ತ ನೋಡಿದಳು. ಹೌದು, ಅದೇ ಸುಣ್ಣ! ಒಂದು ಕಿಲೋ ಒಣಜೋಳಕ್ಕೆ ಮೂರು ಲೀಟರ್ ನೀರು, ಸುಮಾರು 10 ಗ್ರಾಂ ಸುಣ್ಣ. ಮುಕ್ಕಾಲು ಗಂಟೆ ಕುದಿಸಿ, ಒಲೆಯಿಂದಿಳಿಸಿ, ಅದೇ ನೀರಿನಲ್ಲಿ ರಾತ್ರಿಯವರೆಗೆ ನೆನೆಯಬಿಟ್ಟರೆ ಕಾಳಿನ ಹೊರಸಿಪ್ಪೆ ಲೋಳೆಯಾಗಿ ಬಿಡಿಸಿಕೊಳ್ಳುತ್ತದೆ. ನಾಲ್ಕಾರು ನೀರಿನಲ್ಲಿ ಉಜ್ಜಿ ತೊಳೆದು ರುಬ್ಬಿದರೆ ಹಿಟ್ಟಿಗೆ ಜಿಗಿ ಬರುತ್ತದೆ. ಬರಿಯ ಜೋಳದ ಹಿಟ್ಟು ತಟ್ಟುವಾಗ ಬಿರಿಯುವಂತೆ ಬಿರಿಯುವುದಿಲ್ಲ. ಮೆಕ್ಸಿಕೋದ ಮೂಲಜನರು ಸಾವಿರಾರು ವರ್ಷಗಳಿಂದ ಮಾಡಿಕೊಂಡು ಬಂದಿರುವ ಕ್ರಮವಿದು. ಅದರ ಹೆಸರು ನಿಶ್ತಮಾಲ್. ಆ ಶಬ್ದದ ಮೊದಲ ಭಾಗಕ್ಕೆ ಅವರ ನಾವಾತ್ಲ್ ಭಾಷೆಯಲ್ಲಿ ಬೂದಿ ಎಂದರ್ಥ.

ಸುಣ್ಣದ ಕೆಲಸ ರೊಟ್ಟಿ ಬಿರಿಯದಂತೆ ನೋಡಿಕೊಳ್ಳುವುದಷ್ಟೇ ಅಲ್ಲ. ಜೋಳದಲ್ಲಿ ನಿಯಾಸಿನ್ ಎಂಬ ಜೀವಸತ್ವವಿದ್ದರೂ ಅದು ದೇಹಕ್ಕೆ ದಕ್ಕದಂತೆ ಬಂಧಿತವಾಗಿರುತ್ತದೆ. ಸುಣ್ಣ ಅದನ್ನು ಬಿಡಿಸಿಕೊಡುತ್ತದೆ. ಜೋಳವನ್ನು ಯೂರೋಪಿಗೆ ಒಯ್ದವರು ಸುಣ್ಣದ ಪಾಠವನ್ನು ಒಯ್ಯಲಿಲ್ಲ. ಜೋಳವೊಂದನ್ನೇ ಉಂಡು ಬದುಕುತ್ತಿದ್ದ ಇಟಲಿ ಸ್ಪೇನ್‌ಗಳ ಬಡವರು 18ನೆಯ ಶತಮಾನದಿಂದ ಪೆಲಾಗ್ರ ರೋಗಕ್ಕೆ ತುತ್ತಾದರು. ಚರ್ಮ ಬಿರಿದು, ಭೇದಿ ಹತ್ತಿ, ಕೊನೆಗೆ ಬುದ್ಧಿಯೇ ಕೆಡುವ ಭಯಂಕರ ವ್ಯಾಧಿ ಅದು. 20ನೆಯ ಶತಮಾನದ ಆದಿಯಲ್ಲಿ ಅಮೆರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿಯೂ ಸಹಸ್ರಾರು ಜನ ಅದರಿಂದ ಸತ್ತರು.

ಜೋಳ ನೆನೆಯುತ್ತಿದ್ದ ಆ ಶನಿವಾರದ ಹಗಲು ಹುಡುಗಿಯನ್ನು ಕರೆದುಕೊಂಡು ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೆ ಹೋಗಿಬಂದೆ. ಹೊಯ್ಸಳ ಶಿಲ್ಪಗಳಿಗೂ ಜೋಳಕ್ಕೂ ಗಂಟುಹಾಕಿದ ವಾದವೊಂದಿದೆ. 1989ರಲ್ಲಿ ಕಾರ್ಲ್ ಜೋಹಾನ್ನೆಸ್ಸೆನ್ ಮತ್ತು ಆನ್ ಪಾರ್ಕರ್ ಎಂಬ ಅಮೆರಿಕನ್ ವಿದ್ವಾಂಸರು, ಸೋಮನಾಥಪುರವೂ ಸೇರಿದಂತೆ 12-13ನೆಯ ಶತಮಾನಗಳ ನಮ್ಮ ಗುಡಿಗಳ ವಿಗ್ರಹಗಳು ಕೈಯಲ್ಲಿ ಹಿಡಿದಿರುವುದು ಜೋಳದ ತೆನೆ ಎಂದು ಪ್ರಬಂಧ ಬರೆದರು. ಕೊಲಂಬಸನಿಗಿಂತ ಮೊದಲೇ ಜೋಳ ಭಾರತಕ್ಕೆ ಬಂದಿತ್ತೆಂಬುದು ಅವರ ತೀರ್ಮಾನ. 1993ರಲ್ಲಿ ಪಾಯಕ್ ಮತ್ತು ಸಚಾನ್ ಇದನ್ನು ಅಲ್ಲಗಳೆದು, ಅದು ಮುಕ್ತಾಫಲ, ಎಂದರೆ ಮುತ್ತುಗಳನ್ನು ಪೋಣಿಸಿದಂಥ ಕಲ್ಪನೆಯ ಹಣ್ಣು ಎಂದರು. ನಾನು ಮುಕ್ತಾಫಲದ ಪಕ್ಷ. ಊರೂರ ಹೊಲದಲ್ಲಿ ಬೆಳೆದ ಧಾನ್ಯವಾಗಿದ್ದರೆ ಕಲ್ಲಿನಲ್ಲಿ ಮಾತ್ರ ಕಾಣಿಸಿಕೊಂಡು ನುಡಿಯಲ್ಲಿ ಹೆಸರಿಲ್ಲದೆ ಹೋಗುತ್ತಿತ್ತೆ? ಹೆಸರಿಗೆ ನಾವು ಎಂದಾದರೂ ಬಡತನ ಮಾಡಿದವರೆ? 'ಮುಸುಕಿನ ಜೋಳ' ಎಂಬುದನ್ನೇ ನೋಡಿ: ಸಿಪ್ಪೆಯ ಮುಸುಕು ಹೊದ್ದು ನಿಂತ ತೆನೆಯನ್ನು ಕಂಡ ಯಾರೋ ರೈತ ಇಟ್ಟ ಹೆಸರಿರಬೇಕು. ಈ ವಾದವನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಗೋಡೆಯ ಶಿಲ್ಪಗಳನ್ನು ಬಹಳ ಹೊತ್ತು ನೋಡಿ, "ಅಪ್ಪ ಇಲ್ಲಿಗೆ ಬಂದಿದ್ದರೇ ಅತ್ತೆ?" ಎಂದು ಕೇಳಿದಳು. ನಾವು ಮಕ್ಕಳಾಗಿದ್ದಾಗ ಆ ಗುಡಿಯ ಹೊರಗಿನ ಹುಲ್ಲಿನ ಮೇಲೆ ಕುಳಿತು ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ತಿಂದದ್ದನ್ನು ಹೇಳಿದೆ. ಮುಕ್ತಾಫಲ ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಹಿಟ್ಟು ರುಬ್ಬಿಯಾಯಿತು. ಅಮ್ಮ ಬಾಳೆಲೆಯ ಮೇಲೆ ತಟ್ಟಿ, ಎಲೆಸಮೇತ ಹೆಂಚಿನ ಮೇಲೆ ಬೋರಲು ಹಾಕಿ, ಎಲೆಯನ್ನು ಸುಲಿದು ತೆಗೆಯುತ್ತಿದ್ದಳು. ಎಪ್ಪತ್ತೆಂಟು ವರ್ಷದ ಕೈ. ರೊಟ್ಟಿಯ ಅಂಚು ಒಂದಾದರೂ ಒಡೆಯಲಿಲ್ಲ. ಹುಡುಗಿ ಪಕ್ಕದಲ್ಲಿ ಕುಳಿತು ಉಂಡೆ ಕಟ್ಟುತ್ತಿದ್ದಳು.

"ಅಪ್ಪ ಎಲ್ಲಾ ಭಾನುವಾರ ಇದೇ ಮಾಡೋರು ಅಜ್ಜಿ. ಅಮ್ಮನಿಗೆ ಭಾನುವಾರ ಡ್ಯೂಟಿ. ನಾವಿಬ್ಬರೂ ತಿಂದು, ಆಮೇಲೆ ನಿಮಗೆ ಫೋನ್ ಮಾಡೋರು."

ನಾನು ಅಂಜಿದ್ದು ಇದಕ್ಕೇ. ಅಲ್ಲಿಯ ಭಾನುವಾರ ರಾತ್ರಿ ಇಲ್ಲಿಯ ಸೋಮವಾರ ಬೆಳಿಗ್ಗೆ. ಇಪ್ಪತ್ತೈದು ವರ್ಷ, ಪ್ರತಿ ಸೋಮವಾರ, ಅಮ್ಮ ರಂಗೋಲಿ ಹಾಕಿ ಒಳಗೆ ಬರುವ ಹೊತ್ತಿಗೆ ಫೋನು ಬರುತ್ತಿತ್ತು. ಅಮ್ಮನ ಮೊದಲ ಪ್ರಶ್ನೆ ಒಂದೇ: "ರಾತ್ರಿ ಏನು ಊಟ?" ಅಣ್ಣನ ಉತ್ತರವೂ ಒಂದೇ: "ಸಾರು, ಅನ್ನ." ಅದನ್ನು ಕೇಳಿದ ಮೇಲೆ ಅವಳ ಮುಖದಲ್ಲಿ ನೆಲೆಸುತ್ತಿದ್ದ ಸಮಾಧಾನವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಗ ದೂರ ಹೋದನೆಂಬ ದುಃಖಕ್ಕೆ ಅವಳು ಹಾಕಿಕೊಂಡಿದ್ದ ಕಟ್ಟೆ ಅದು. ನಿಜ ಏನೆಂಬುದು ನನಗೆ ಗೊತ್ತಿತ್ತು. ಅಣ್ಣನೇ ಒಮ್ಮೆ ಹೇಳಿ, "ಅಮ್ಮನಿಗೆ ಹೇಳಬೇಡ ಕಣೆ" ಎಂದಿದ್ದ. ನಾನು ಹೇಳಲಿಲ್ಲ. ಅವನು ಹೋದ ಮೇಲೂ ಹೇಳಲಿಲ್ಲ.

ಅಮ್ಮನ ಕೈ ಎಲೆಯ ಮೇಲೆ ನಿಂತಿತು. "ಎಲ್ಲಾ ಭಾನುವಾರವೂ?" ಎಂದಳು.

"ಹೂಂ ಅಜ್ಜಿ."

"ಅನ್ನ ಮಾಡುತ್ತಿರಲಿಲ್ಲವೇ?"

"ಭಾನುವಾರ ಇಲ್ಲ."

ಅಮ್ಮ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ. ಹೆಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತ್ತು. ಅದನ್ನು ತೆಗೆದು ಬದಿಗಿಟ್ಟು, ಮುಂದಿನ ಉಂಡೆಯನ್ನು ಎಲೆಯ ಮೇಲಿಟ್ಟು ತಟ್ಟತೊಡಗಿದಳು. ಆಮೇಲೆ ಮಧ್ಯಾಹ್ನದವರೆಗೆ ಒಂದು ಮಾತೂ ಆಡಲಿಲ್ಲ.

ಕಾಳಿನ ವಿಷಯದಲ್ಲಿ ಮತ್ತೆ ಬಾಯಿ ತೆರೆದಳು. ಅರಸೀಕೆರೆಯಿಂದ ತಮ್ಮ ತಂದಿದ್ದ ರಾಜ್ಮಾ ಕಾಳನ್ನು ಮರದಲ್ಲಿ ಹರವಿ, "ಅವರೆಯ ಕಾಲದಲ್ಲಿ ಇದೇಕೆ?" ಎಂದಳು. ಅಂಗಳದಲ್ಲಿ ಸೊಗಡಿನ ಅವರೆಕಾಯಿ ರಾಶಿಬಿದ್ದಿತ್ತು. ಅಪ್ಪ ಹಾಕುತ್ತಿದ್ದುದು ಇದನ್ನೇ ಎಂದು ಹುಡುಗಿ ಹಟ ಹಿಡಿದಳು. ಕೊನೆಗೆ ಕೆಳಗಿನ ಪದರಕ್ಕೆ ರಾಜ್ಮಾ, ಮೇಲಿನದಕ್ಕೆ ಹಿತಕಿದ ಅವರೆ ಎಂದು ರಾಜಿಯಾಯಿತು. ಚೀಸಿನ ವಿಷಯದಲ್ಲಿ ಅಷ್ಟು ಸುಲಭವಾಗಲಿಲ್ಲ. ನಿಘಂಟುಗಳು ಚೀಸಿಗೆ 'ಗಿಣ್ಣು' ಎಂದು ಅರ್ಥ ಕೊಡುತ್ತವೆ. ನಾನು ಪಾಂಡಿತ್ಯದಿಂದ ಹಾಗೆಯೇ ಹೇಳಿದೆ. ಈದ ಹಸುವಿನ ಮೊದಲ ಹಾಲಿನ ಗಿಣ್ಣನ್ನು ಎಷ್ಟೋ ಸಲ ಕಾಯಿಸಿರುವ ಅಮ್ಮ ಚೀಸಿನ ಚೂರನ್ನು ಮೂಸಿ, "ನಿನ್ನ ಪುಸ್ತಕ ಬರೆದವರು ಗಿಣ್ಣು ತಿಂದಿಲ್ಲ" ಎಂದಳು.

ಗೊಜ್ಜಿಗೆ ಒಂದೂವರೆ ಕಿಲೋ ಟೊಮೆಟೊ, ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಹೆಚ್ಚು, ಖಾರ ಹಿತವಾಗಿರುವ ಈ ಮೆಣಸಿನಕಾಯಿ ಅಲ್ಲಿಯ ಗೊಜ್ಜಿಗೆ ಚೆನ್ನಾಗಿ ಒಪ್ಪುತ್ತದೆ. ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಟೊಮೆಟೊ ಮತ್ತು ಈರುಳ್ಳಿಯನ್ನು ಸುಟ್ಟು, ಎಲ್ಲವನ್ನೂ ರುಬ್ಬಿ, ಹುರಿದ ಜೀರಿಗೆಯ ಪುಡಿ ಹಾಕಿ ಕುದಿಸಬೇಕು. ಈ ಜೀರಿಗೆಯ ಪ್ರಯಾಣ ಮಾತ್ರ ವಿರುದ್ಧ ದಿಕ್ಕಿನದು: ಮೆಡಿಟರೇನಿಯನ್ ಮತ್ತು ಪಶ್ಚಿಮ ಏಷ್ಯದ ಕಡೆಯಿಂದ ಒಂದು ಕವಲು ನಮ್ಮ ಒಗ್ಗರಣೆಗೆ ಬಂದರೆ, ಇನ್ನೊಂದು ಸ್ಪೇನಿನವರ ಸಂಗಡ ಸಮುದ್ರ ದಾಟಿ ಟೆಕ್ಸಸ್ಸನ್ನು ಸೇರಿತು. ಕೊತ್ತಂಬರಿ ಸೊಪ್ಪೂ ಹಾಗೆಯೇ.

ಗೊಜ್ಜು ಕುದಿಯತೊಡಗಿದಾಗ ಅಮ್ಮ ದೇವರ ಮನೆಯಿಂದ ಎದ್ದು ಬಂದಳು. ಯಾರೂ ಕರೆದಿರಲಿಲ್ಲ. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟಳು. ಮತ್ತೊಂದು ತೊಟ್ಟು ಹಾಕಿಸಿಕೊಂಡಳು.

"ಜೀರಿಗೆ ಸಾರು ಇದು. ಗಟ್ಟಿಗೆ ಮಾಡಿದ್ದೀರಿ, ಅಷ್ಟೆ."

ಅಷ್ಟು ಹೇಳಿ, ಉಪ್ಪಿನ ಡಬ್ಬಿಯನ್ನು ಎಳೆದುಕೊಂಡು ಒಂದು ಚಿಟಿಕೆ ಹಾಕಿದಳು.

ಓವನ್ ನಮ್ಮಲ್ಲಿ ಎಲ್ಲಿಂದ ಬರಬೇಕು? ಹಿತ್ತಲಿನ ಒಲೆಯ ಮೇಲೆ ಕಲಾಯಿ ಮಾಡಿಸಿದ ಅಗಲ ಬಾಯಿಯ ಹಿತ್ತಾಳೆ ತಪ್ಪಲೆಯನ್ನಿಟ್ಟು, ತಳಕ್ಕೆ ಗೊಜ್ಜು ಸವರಿ, ರೊಟ್ಟಿ ಹಾಸಿ, ಅದರ ಮೇಲೆ ರಾಜ್ಮಾ, ಬಾಡಿಸಿದ ಈರುಳ್ಳಿ ಮತ್ತು ದೊಣ್ಣೆಮೆಣಸಿನಕಾಯಿ, ಗೊಜ್ಜು, ತುರಿದ ಚೀಸ್. ಮತ್ತೆ ರೊಟ್ಟಿ, ಅವರೆ, ಗೊಜ್ಜು. ಹೀಗೆ ತಪ್ಪಲೆ ತುಂಬುವವರೆಗೆ. ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ತೆಂಗಿನ ಕರಟದ ಕೆಂಡ. ತೋಟದ ಊರಿನಲ್ಲಿ ಕರಟಕ್ಕೇನು ಬರ! ಮುಕ್ಕಾಲು ಗಂಟೆಯಲ್ಲಿ ಅಂಚಿನಲ್ಲಿ ಕೆಂಪು ಗುಳ್ಳೆಗಳೆದ್ದವು. ಕೆಂಡ ಒಂದು ಕಡೆ ಹೆಚ್ಚಾಗಿ ಆ ಮಗ್ಗುಲು ಸ್ವಲ್ಪ ಕರಿಕಾಯಿತು. ಅಪ್ಪ ಮಾಡಿದರೂ ಹೀಗೆಯೇ ಆಗುತ್ತಿತ್ತೆಂದು ಹುಡುಗಿ ಹೇಳಿದಳು. ನಿಜವೋ, ನಮ್ಮ ಸಮಾಧಾನಕ್ಕೋ.

ಎಲೆಯ ಮೇಲೆ ಬಡಿಸಿದೆವು. ತಮ್ಮನ ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡರು. ತಮ್ಮ ಚೀಸಿನ ಎಳೆಯೊಡನೆ ಹೆಣಗಾಡಿದ. ರುಚಿ ಹೇಗಿತ್ತೆಂದರೆ, ಮೊದಲ ತುತ್ತಿಗೆ ಅಪರಿಚಿತ, ಮೂರನೆಯದಕ್ಕೆ ಎಲ್ಲೋ ಕಂಡಂತೆ. ಅಮ್ಮ ಪದರಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ತಿಂದಳು. ಕರಿಕಾದ ಮಗ್ಗುಲಿನ ಹೋಳನ್ನು ಕೇಳಿ ಹಾಕಿಸಿಕೊಂಡಳು. ಕೊನೆಗೆ ಮಜ್ಜಿಗೆ ಅನ್ನ ಬೇಕೆಂದಳು, ಅನ್ನ ಮಾಡಿರಲಿಲ್ಲ. "ಇರಲಿ ಬಿಡು" ಎಂದು ಬರಿ ಮಜ್ಜಿಗೆ ಕುಡಿದು ಎದ್ದಳು.

ಮಾರನೆಯ ಬೆಳಿಗ್ಗೆ ಅತ್ತಿಗೆಯ ಫೋನು ಬಂತು. ಅಮ್ಮ ರಂಗೋಲಿಯ ಬಟ್ಟಲನ್ನು ಕೆಳಗಿಟ್ಟು ತೆಗೆದುಕೊಂಡಳು. ಮಗಳ ಕ್ಷೇಮ ವಿಚಾರಿಸಿದ ಮೇಲೆ ಅತ್ತಿಗೆ ಕೇಳಿದ ಮಾತು ಪಕ್ಕದಲ್ಲಿದ್ದ ನಮಗೂ ಕೇಳಿಸಿತು: "ರಾತ್ರಿ ಏನು ಊಟ ಅತ್ತೆ?"

"ಸಾರು, ಅನ್ನ" ಎಂದಳು ಅಮ್ಮ. ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, ತಳ ಹಿಡಿದಿದ್ದ ತಪ್ಪಲೆಗೆ ಹುಣಿಸೆಹಣ್ಣು ಹಚ್ಚಿಡಲು ಹಿತ್ತಲಿಗೆ ಹೋದಳು.